ತಿರುಗುಣಿಯ ಎಣ್ಣೆ

“ಅಜ್ಜಯ್ಯಾ, ಎರಡು ಕಲ್ಲುಗಳ ನಡುವೆ ಎಣ್ಣೆಯಾಗಿ ಇರುವುದು ತಪ್ಪೇ?”

ಕೇಳಿದವನು ಭರಮಣ್ಣ. ಬೆಟ್ಟದ ಬುಡದ ಸಣ್ಣ ಮಠಕ್ಕೆ ಏದುಸಿರು ಬಿಡುತ್ತ ಬಂದಿದ್ದ. ಮಠದ ಅಜ್ಜಯ್ಯ ಅವನಿಗೆ ಅಕ್ಷರ ಕಲಿಸಿದವನು. ಕೂರು ಎಂದು ಎರಡು ಸಲ ಹೇಳಿದರೂ ಭರಮಣ್ಣ ಕೂರಲಿಲ್ಲ. ಬಾಗಿಲಿಗೆ ಹೋದ, ಗೋಡೆಗೆ ಬಂದ, ಮತ್ತೆ ಬಾಗಿಲಿಗೆ ಹೋದ.

ಅವನ ಸಂಕಟ ಇಷ್ಟು. ಊರಾಚೆಯ ಕಲ್ಲುಗಣಿಯಲ್ಲಿ ಸಿಡಿಮದ್ದು ಇಟ್ಟಾಗಲೆಲ್ಲ ಕೇರಿಯ ಮನೆಗಳ ಮೇಲೆ ಕಲ್ಲು ಬೀಳುತ್ತಿತ್ತು. ಹೆಂಚು ಒಡೆದವು, ಹಟ್ಟಿಯಲ್ಲಿ ಕಟ್ಟಿದ್ದ ಎಮ್ಮೆಯೊಂದು ಸತ್ತಿತು. ಕೇರಿಯವರು ಸಾಕಾಗಿ ಗಣಿಯ ದಾರಿಗೆ ಅಡ್ಡ ಕೂತಿದ್ದರು. ಅವರು ಕೂತಷ್ಟು ದಿನ ಮದ್ದಿನ ಲಾರಿ ಒಳಗೆ ಹೋಗುವಂತಿರಲಿಲ್ಲ. ಭರಮಣ್ಣ ಹುಟ್ಟಿದ್ದು ಆ ಕೇರಿಯಲ್ಲಿ. ಕೆಲಸ ಆ ಗಣಿಯ ಆಫೀಸಿನಲ್ಲಿ. ಗಣಿಯ ಸಾಹುಕಾರ ಅವನನ್ನು ಕರೆದು ಹೇಳಿದ್ದ: ಬೆಳಿಗ್ಗೆ ಹೋಗಿ ನಿನ್ನವರನ್ನು ಎಬ್ಬಿಸು. ಇನ್ನು ಮೇಲೆ ಮದ್ದು ಆಚೆ ಗುಡ್ಡದಲ್ಲಿ ಇಡುತ್ತೇವೆ ಅಂತ ಹೇಳು. ನೀನು ಹೇಳಿದರೆ ಕೇಳುತ್ತಾರೆ.

“ಆಚೆ ಗುಡ್ಡದಲ್ಲಿ ಇಡ್ತಾರಾ?” ಎಂದು ಅಜ್ಜಯ್ಯ ಕೇಳಿದ.

“ನೋಡೋಣ ಅಂದಿದ್ದಾರೆ.”

“ನೋಡೋಣ ಅಂದವರು ಇಡ್ತೀವಿ ಅಂತ ಹೇಳು ಅಂದರಾ?”

“ಅಜ್ಜಯ್ಯಾ, ನಾನು ಇಬ್ಬರಿಗೂ ಬೇಕಾದವನು. ನಾನಿಲ್ಲದಿದ್ದರೆ ಇಷ್ಟೊತ್ತಿಗೆ ತಲೆಗಳು ಒಡೆದಿರುತ್ತಿದ್ದವು. ಸಾಹುಕಾರ ಬೈದದ್ದನ್ನು ನಾನು ಬೈಗುಳ ಕಳೆದು ಕೇರಿಗೆ ಹೇಳುತ್ತೇನೆ. ಕೇರಿಯವರು ಶಾಪ ಹಾಕಿದ್ದನ್ನು ಶಾಪ ಕಳೆದು ಸಾಹುಕಾರನಿಗೆ ಹೇಳುತ್ತೇನೆ. ಎಣ್ಣೆ ಇಲ್ಲದಿದ್ದರೆ ಎರಡು ಕಲ್ಲೂ ಸವೆಯುವುದಿಲ್ಲವೇ?”

ಅಜ್ಜಯ್ಯ ಕಂಬಳಿಯ ಹರಕು ಹೊಲಿಯುತ್ತಿದ್ದ. ದಾರವನ್ನು ಹಲ್ಲಿನಿಂದ ಕಡಿದು ಸೂಜಿಯನ್ನು ಕಂಬಳಿಗೇ ಚುಚ್ಚಿಟ್ಟ.

“ಎಣ್ಣೆಯ ವಿಷಯ ನಿನಗೆ ಪೂರಾ ಗೊತ್ತಿಲ್ಲ. ಕೂರು, ಹೇಳ್ತೀನಿ.”

ಒಂದು ಕೋಟೆ ಇತ್ತು. ಕೋಟೆಗೆ ಒಬ್ಬ ನಾಯಕ ಇದ್ದ. ಕೋಟೆಯ ಹೊರಗೆ ಒಂದು ಕೇರಿ ಇತ್ತು. ಕೋಟೆಗೆ ಕಲ್ಲು ಹೊತ್ತವರು, ಗೋಡೆ ಎತ್ತಿದವರು, ಕಂದಕ ತೋಡಿದವರು ಎಲ್ಲ ಆ ಕೇರಿಯವರು. ಕಟ್ಟಿ ಮುಗಿದ ಮೇಲೆ ಅವರನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದರು. ಇದಕ್ಕೆ ಪದ್ಧತಿ ಎಂದು ಹೆಸರು.

ಆದರೆ ಕಲ್ಲು ಹೊರುವಾಗಲೇ ಅವರು ಕೋಟೆಯವರಿಂದ ಒಂದು ಮಾತು ತೆಗೆದುಕೊಂಡಿದ್ದರು. ಆ ಸೀಮೆಯಲ್ಲಿ ಸುಗ್ಗಿ ಮುಗಿಯುತ್ತಿದ್ದಂತೆ ಕುದುರೆ ದಂಡು ತಿರುಗುತ್ತಿತ್ತು. ಕಾಳು ಹೊರುವುದು, ದನ ಹೊಡೆಯುವುದು, ಸಿಕ್ಕ ಜನರನ್ನು ಹಗ್ಗಕ್ಕೆ ಕಟ್ಟಿ ಒಯ್ಯುವುದು ಅದರ ಕಸುಬು. ಆದ್ದರಿಂದ ಕೇರಿಯವರು ಹಗಲೆಲ್ಲ ಹೊರಗಿದ್ದು, ಹೊತ್ತು ಮುಳುಗುವಾಗ ಒಳಗೆ ಬಂದು ಗೋಡೆಯ ಬುಡದಲ್ಲಿ ಮಲಗಬಹುದು. ಬೆಳಗಾದರೆ ಎದ್ದು ಹೋಗಬೇಕು. ಇಷ್ಟೇ ಅವರಿಗೆ ಸಿಕ್ಕಿದ್ದು.

ಕೋಟೆಗೆ ಒಂದೇ ಬಾಗಿಲು, ಬಾಗಿಲಿಗೆ ಒಂದೇ ಕದ. ಆನೆ ಹಣೆ ಕೊಟ್ಟು ಒತ್ತಿದರೂ ಜಗ್ಗದ ಕದ. ಅದರ ಅಷ್ಟೂ ಭಾರ ಕೆಳಗಿನ ತಿರುಗುಣಿಯ ಮೇಲೆ. ಕದದ ಕಂಬದ ತುದಿಗೆ ಕಬ್ಬಿಣದ ಗೊರಸು ತೊಡಿಸಿ, ಅದನ್ನು ನೆಲದಲ್ಲಿ ಹೂತ ಕಲ್ಲಿನ ಕುಳಿಯಲ್ಲಿ ಕೂರಿಸಿದ್ದರು. ಕದ ತಿರುಗಿದಾಗ ಕಬ್ಬಿಣ ಕಲ್ಲನ್ನು ಉಜ್ಜುತ್ತಿತ್ತು, ಬಾಗಿಲು ಅರಚುತ್ತಿತ್ತು. ಒಂದು ಗೇಣು ತಿರುಗಿ ನಿಲ್ಲುತ್ತಿತ್ತು, ಅರಚುತ್ತಿತ್ತು, ಮತ್ತೆ ಒಂದು ಗೇಣು. ಆ ಅರಚಾಟ ಹೊಲದಾಚೆ, ಕೆರೆಯಾಚೆ, ಗುಡ್ಡದ ಇಳಿಜಾರಿನವರೆಗೂ ಕೇಳುತ್ತಿತ್ತು.

ಕುಳಿಗೆ ಹರಳೆಣ್ಣೆ ಹಾಕಲು ಒಬ್ಬ ಮನುಷ್ಯ ಇದ್ದ. ಅವನೂ ಹೊರಕೇರಿಯವನೇ. ಅವನಿಗೆ ತಾಯಿ ಇರಲಿಲ್ಲ, ಸಾಕಿದವಳು ಅಕ್ಕ. ಅವನು ದಿನಾ ಎಣ್ಣೆ ಹಾಕುತ್ತಿದ್ದ, ಬಾಗಿಲು ದಿನಾ ಅರಚುತ್ತಿತ್ತು. ಅವನ ತಂದೆಯ ಕಾಲದಲ್ಲೂ ಹಾಗೆಯೇ. ಯಾಕೆ ಎಂದು ಯಾರೂ ಕೇಳಿರಲಿಲ್ಲ.

ಒಂದು ವರ್ಷ ನಾಯಕ ಬಾಗಿಲಿನ ಮೇಲೆಯೇ ಒಂದು ಹಜಾರ ಕಟ್ಟಿಸಿದ. ಸಂಜೆಯ ಗಾಳಿಗೆ ಅಲ್ಲಿ ಕೂತು ವೀಣೆ ಕೇಳುವುದು ಅವನ ಆಸೆ. ವೀಣೆ ಶ್ರುತಿಗೆ ಬರುವ ಹೊತ್ತಿಗೆ ಸರಿಯಾಗಿ ಕೆಳಗೆ ಬಾಗಿಲು ಅರಚಿತು. ನಾಯಕ ಎಣ್ಣೆಯವನನ್ನು ಕರೆಸಿದ.

“ನೀನು ಹಾಕುವ ಎಣ್ಣೆಯನ್ನು ನೀನೇ ಕುಡಿಯುತ್ತೀಯೇನಯ್ಯಾ?”

“ಇಲ್ಲ ಬುದ್ಧಿ. ಎಷ್ಟು ಹಾಕಿದರೂ ಹೊರಗೆ ಬರ್ತದೆ.”

“ಬಾಗಿಲು ಸದ್ದಿಲ್ಲದೆ ಮುಚ್ಚಬೇಕು. ಹಾಗೆ ಮಾಡಿದರೆ ಬಾಗಿಲ ಪಕ್ಕದ ಮನೆ ನಿನ್ನದು. ಹೊರಗೆ ಹೋಗುವ ಕೆಲಸವೇ ಇಲ್ಲ.”

ಒಳಗೆ ಮನೆ! ಹೊರಕೇರಿಯಲ್ಲಿ ಹುಟ್ಟಿದವರು ಯಾರೂ ಕೋಟೆಯೊಳಗೆ ಬೆಳಗಾಗುವುದನ್ನು ಮಲಗಿದಲ್ಲಿಂದ ನೋಡಿರಲಿಲ್ಲ. ಎಣ್ಣೆಯವನಿಗೆ ಅಂದಿನಿಂದ ನಿದ್ದೆ ಹೋಯಿತು.

ಮೊದಲು ಅವನು ಎಲ್ಲರೂ ಮಾಡುವುದನ್ನೇ ಮಾಡಿದ. ಸನ್ನೆಗೋಲು ಹಾಕಿ ಕದವನ್ನು ಎತ್ತಿಸಿ, ಕುಳಿ ತುಂಬ ಎಣ್ಣೆ ಸುರಿದು, ಕದ ಇಳಿಸಿದ. ಎಣ್ಣೆಯೆಲ್ಲ ಉಕ್ಕಿ ಅಂಗಳಕ್ಕೆ ಹರಿಯಿತು. ಕಾವಲಿನವರು ಜಾರಿಬಿದ್ದು ಅವನ ಅಪ್ಪನನ್ನು ನೆನೆದರು. ಬಾಗಿಲು ಎಂದಿನಂತೆ ಅರಚಿತು.

ಆಮೇಲೆ ಅವನು ಕುಳಿಯ ಪಕ್ಕ ಕೂತು ಯೋಚಿಸಿದ. ಬೆರಳಿಗೆ ಎಣ್ಣೆ ಮುಟ್ಟಿಸಿ ಹೆಬ್ಬೆರಳಿನಿಂದ ಒತ್ತಿದ. ಒತ್ತಿದಷ್ಟೂ ಎಣ್ಣೆ ಸರಿಯಿತು. ಆದರೆ ಎಷ್ಟೇ ಒತ್ತಿದರೂ ಕಡೆಯದೊಂದು ಜಿಡ್ಡು ಹೋಗಲಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಉಗುರಿಗೆ ಸಿಕ್ಕುವುದಿಲ್ಲ, ಆದರೆ ಇದೆ. ಆಗ ಅವನಿಗೆ ಹೊಳೆಯಿತು. ಕುಳಿ ತುಂಬ ಇರುವ ಎಣ್ಣೆ ಬಾಗಿಲನ್ನು ಹೊರುವುದಿಲ್ಲ. ಅದು ಭಾರ ಕಂಡರೆ ಓಡುವ ಜಾತಿ. ಆನೆಯಂಥ ಕದ ಕೂತಿರುವುದು ಈ ಕಾಣದ ಜಿಡ್ಡಿನ ಮೇಲೆ. ಕಲ್ಲಿನ ಉಬ್ಬು, ಕಬ್ಬಿಣದ ಗೀರು ಆ ಜಿಡ್ಡನ್ನು ಹರಿದು ಒಂದನ್ನೊಂದು ಮುಟ್ಟುತ್ತವೆ. ಮುಟ್ಟಿದಲ್ಲಿ ಅರಚುತ್ತವೆ.

ಅವನು ಕದ ಎತ್ತಿಸಿದ. ಕುಳಿಯನ್ನು ಮರಳಿನಿಂದ ಉಜ್ಜಿದ, ಕೆರೆಯ ನುಣ್ಣನೆಯ ಗೋಡುಮಣ್ಣಿನಿಂದ ಉಜ್ಜಿದ, ತೊಗಲಿನಿಂದ ಉಜ್ಜಿದ. ಗೊರಸನ್ನೂ ಹಾಗೆಯೇ ಉಜ್ಜಿದ. ಕುಳಿಯಲ್ಲಿ ತನ್ನ ಮುಖ ಕಾಣುವವರೆಗೆ ಬಿಡಲಿಲ್ಲ. ಅಂಗೈಯ ಚರ್ಮ ಎದ್ದಿತು. ಊಟ ತಂದ ಅಕ್ಕ ತುತ್ತು ಮಾಡಿ ಬಾಯಿಗೆ ಇಡಬೇಕಾಯಿತು.

“ಕಲ್ಲನ್ನ ಇಷ್ಟು ನೀವಿದ್ದೀಯಲ್ಲೋ, ಹೆಂಡತಿ ಬಂದರೆ ಅವಳಿಗೆ ಏನು ಉಳಿಸ್ತೀಯ?” ಎಂದಳು ಅಕ್ಕ.

“ಒಳಗೆ ಮನೆ ಆಗಲಿ ಅಕ್ಕಾ, ಹೆಂಡತಿ ತಾನಾಗೇ ಬರ್ತಾಳೆ. ನೀನೂ ಬರ್ತೀಯ.”

“ನನ್ನ ಆಡುಗಳೂ ಬರ್ತವಾ?”

“ಆಡು ಯಾಕೆ?”

“ಹಂಗಾದರೆ ನಾನೂ ಯಾಕೆ? ಉಣ್ಣು.”

ಕಡೆಗೆ ಅವನು ಕುಳಿಗೆ ಬರೀ ಒಂದು ಹನಿ ಎಣ್ಣೆ ಸವರಿ ಕದ ಇಳಿಸಿದ. ಸಂಜೆ ಕಾವಲಿನವರು ಹಲ್ಲು ಕಚ್ಚಿ ಕದ ನೂಕಿದರು. ಕದ ಸುಮ್ಮನೆ ಬಂದು ಮುಚ್ಚಿಕೊಂಡಿತು. ನೂಕಿದವರಿಗೇ ಗೊತ್ತಾಗಲಿಲ್ಲ. ಮೇಲೆ ವೀಣೆ ನಿಲ್ಲಲಿಲ್ಲ.

ಆದರೆ ಮಾರನೆಯ ಬೆಳಿಗ್ಗೆ ಬಾಗಿಲು ತೆರೆಯಲಿಲ್ಲ. ಅಗುಳಿ ತೆಗೆದು ಇಬ್ಬರು ಎಳೆದರು, ಜಗ್ಗಲಿಲ್ಲ. ನಾಲ್ವರು ಎಳೆದರು, ಅದೂ ಇಲ್ಲ. ಕಾವಲಿನವರೆಲ್ಲ ಸೇರಿ ಹಗ್ಗ ಕಟ್ಟಿ ಜಗ್ಗಿದಾಗ, ಸ್ವಲ್ಪಸ್ವಲ್ಪವಾಗಿ ಬರುವ ಬದಲು ಕದ ಒಂದೇ ಸಲಕ್ಕೆ ಬಿಟ್ಟುಕೊಟ್ಟಿತು. ಎಳೆದವರು ಒಬ್ಬರ ಮೇಲೊಬ್ಬರು ಬಿದ್ದರು. ಒಮ್ಮೆ ಹೊರಟ ಮೇಲೆ ಬೆರಳಿನಿಂದ ಮುಟ್ಟಿದರೂ ತಿರುಗುತ್ತಿತ್ತು.

ಎಣ್ಣೆಯವನು ಕದ ಎತ್ತಿಸಿ ಕುಳಿ ನೋಡಿದ. ರಾತ್ರಿಯೆಲ್ಲ ಒತ್ತಿಸಿಕೊಂಡ ಆ ಜಿಡ್ಡು ಈಗ ಎಣ್ಣೆಯ ಹಾಗೆ ಇರಲಿಲ್ಲ. ಕಲ್ಲಿನ ಮೇಲೆ ಕಲ್ಲಿನದೇ ಪೊರೆಯ ಹಾಗೆ ಕೂತಿತ್ತು. ಕಲ್ಲಿನಲ್ಲಿ ಎಲ್ಲೆಲ್ಲಿ ಕೂದಲೆಳೆಯಂಥ ಗೆರೆ ಉಳಿದಿತ್ತೋ ಅಲ್ಲೆಲ್ಲ ಎಣ್ಣೆಯಲ್ಲೂ ಅದೇ ಗೆರೆ. ಗಡಿಗೆಯಲ್ಲಿರುವುದೂ ಅದೇ ಎಣ್ಣೆ. ಓರೆ ಮಾಡಿದರೆ ಹರಿಯುತ್ತದೆ. ಕುಳಿಯಲ್ಲಿರುವುದೂ ಅದೇ ಎಣ್ಣೆ. ಹರಿಯಲು ಜಾಗವಿಲ್ಲ, ಹಾಗಾಗಿ ಹರಿಯುವುದನ್ನೇ ಮರೆತಿದೆ.

ಇಲ್ಲಿ ಭರಮಣ್ಣ ತಡೆದ. ಅವನ ಜೇಬಿನಲ್ಲಿ ಫೋನು ನಡುಗುತ್ತಿತ್ತು. ಹೆಸರು ನೋಡಿ ಮತ್ತೆ ಜೇಬಿಗೆ ಹಾಕಿದ.

“ಅಲ್ಲ ಅಜ್ಜಯ್ಯಾ, ಎಣ್ಣೆ ಎಲ್ಲಾದರೂ ಕಲ್ಲಾಗುತ್ತದಾ?”

“ಜಾಗ ಇರುವವರೆಗೆ ಆಗುವುದಿಲ್ಲ,” ಎಂದ ಅಜ್ಜಯ್ಯ. “ಮುಂದೆ ಕೇಳು.”

ಬೆಳಗಿನ ಬಿಗಿತದ ಚಿಂತೆ ನಾಯಕನಿಗೆ ಇರಲಿಲ್ಲ. ಎಳೆಯಲು ಕಾವಲಿನವರಿದ್ದಾರೆ, ಬೈಸಿಕೊಳ್ಳಲು ಎಣ್ಣೆಯವನಿದ್ದಾನೆ. ಸಂಜೆ ಸದ್ದಿಲ್ಲ, ಅಷ್ಟು ಸಾಕು. ಎಣ್ಣೆಯವನಿಗೆ ಬಾಗಿಲ ಪಕ್ಕದ ಮನೆ ಸಿಕ್ಕಿತು. ಮೊದಲ ಬೆಳಿಗ್ಗೆ ಅವನು ಎದ್ದು, ಯಾರೂ ಏಳು ಎನ್ನದಿರುವುದನ್ನು ಕಂಡು, ಹಾಸಿಗೆಯಲ್ಲೇ ಕೂತು ಅತ್ತ.

ಕೆಲವು ದಿನ ಕಳೆಯಿತು. ಒಂದು ಸಂಜೆ ಅಕ್ಕ ಕದ ಮುಚ್ಚುವ ಗಳಿಗೆಗೆ ಸೆರಗು ಬಾಯಿಗೆ ಕಚ್ಚಿಕೊಂಡು ಓಡಿಬಂದು ಸಂದಿಯಲ್ಲಿ ತೂರಿದಳು. ಅವಳ ಹಿಂದೆ ಬಂದ ಆಡಿನ ಬಾಲ ಕದಕ್ಕೆ ಸಿಕ್ಕಿತು.

“ನಿನ್ನ ಬಾಗಿಲು ಮುಚ್ಚಿದ್ದೇ ಗೊತ್ತಾಗಲ್ಲ ಕಣೋ,” ಎಂದಳು, ಎದೆ ಹಿಡಿದುಕೊಂಡು. “ಮುಂಚೆ ಅದು ಅರಚಕ್ಕೆ ಶುರು ಮಾಡಿದರೆ ಆಡು ತಾವೇ ತಿರುಗೋವು. ಅರಚಿ ಮುಗಿಯೋದ್ರೊಳಗೆ ಎಲ್ಲಿದ್ದರೂ ಬಂದು ಸೇರ್ತಿದ್ವಿ.”

ಎಣ್ಣೆಯವನು ನಕ್ಕ. “ಹೊತ್ತು ಮುಳುಗೋದು ಕಾಣಲ್ವಾ ನಿನಗೆ?”

“ಮೋಡ ಮುಚ್ಚಿದ ದಿನ ಹೊತ್ತನ್ನ ನಿನ್ನ ನಾಯಕ ಹಿಡಿದು ತೋರಿಸ್ತಾನಾ?”

ಅವಳು ಹೇಳುವವರೆಗೆ ಅದು ಯಾರಿಗೂ ಹೊಳೆದಿರಲಿಲ್ಲ. ಆ ಅರಚಾಟವನ್ನು ಎಲ್ಲರೂ ಬೈದಿದ್ದರು. ಕೇರಿಯವರೂ ಬೈದಿದ್ದರು. ಆದರೆ ಅವರ ಕಾಲುಗಳು ಅದನ್ನು ಕೇಳಿಯೇ ಮನೆ ಕಡೆ ತಿರುಗುತ್ತಿದ್ದವು. ಅವರಿಗೆ ಗಂಟೆ ಇರಲಿಲ್ಲ, ಡಂಗುರ ಇರಲಿಲ್ಲ. ಬಾಗಿಲಿನ ನೋವೇ ಅವರ ಗಂಟೆಯಾಗಿತ್ತು.

ವಾರಕ್ಕೊಬ್ಬರು ಇಬ್ಬರು ಹೊರಗೆ ಉಳಿಯತೊಡಗಿದರು. ಒಬ್ಬ ಮುದುಕನನ್ನು ತೋಳ ಎಳೆದೊಯ್ದಿತು. ಕೇರಿಯವರು ಎಣ್ಣೆಯವನ ಮನೆ ಮುಂದೆ ಬಂದು ನಿಂತರು.

“ನಿನ್ನ ನಾಯಕನಿಗೆ ಹೇಳು. ವೀಣೆ ಕೇಳೋ ಕಿವಿಗೆ ಸೀಸ ಹುಯ್ಯಲಿ. ನಮಗೆ ಒಂದು ನಗಾರಿ ಬೇಕು, ಇಲ್ಲದಿದ್ದರೆ ನಾಳೆಯಿಂದ ಕೋಟೆಗೆ ಒಂದು ಕೊಡ ನೀರೂ ಬರಲ್ಲ, ಒಂದು ಕಟ್ಟು ಸೌದೆಯೂ ಬರಲ್ಲ.”

ಎಣ್ಣೆಯವನು ಮೇಲೆ ಹೋದ. ಮೆಟ್ಟಿಲು ಹತ್ತುತ್ತ ಹತ್ತುತ್ತ ಮಾತಿನ ಉಬ್ಬುಗಳನ್ನೆಲ್ಲ ಉಜ್ಜಿದ. ನಾಯಕನ ಮುಂದೆ ನಿಂತಾಗ ಅವನ ಬಾಯಿಂದ ಬಂದದ್ದು ಇಷ್ಟು: “ಬುದ್ಧಿ, ಹೊರಗಿನವರು ಬಾಗಿಲು ಮುಚ್ಚುವಾಗ ಒಂದು ಸಣ್ಣ ಗುರುತು ಇದ್ದರೆ ಚೆನ್ನಾಗಿರ್ತದೆ ಅಂತ ಕೇಳ್ಕೊಂಡಿದ್ದಾರೆ.”

“ಸದ್ದು ಬೇಡ ಅಂತ ಬಾಗಿಲು ಉಜ್ಜಿಸಿ, ಈಗ ನಗಾರಿ ಬಾರಿಸಲಾ? ಹೊತ್ತಿಗೆ ಮುಂಚೆ ಬಂದು ಬಿದ್ದಿರಲಿಕ್ಕೆ ಏನು ರೋಗ ಅವರಿಗೆ?” ಎಂದ ನಾಯಕ. ಆಮೇಲೆ ವೀಣೆಯ ಕಡೆ ತಿರುಗುತ್ತ, “ನೋಡೋಣ,” ಎಂದ.

ಎಣ್ಣೆಯವನು ಕೆಳಗೆ ಇಳಿದ. ಇಳಿಯುತ್ತ ಮತ್ತೆ ಉಜ್ಜಿದ. ಕೇರಿಯವರಿಗೆ ಹೇಳಿದ: “ನಾಯಕರು ಯೋಚನೆ ಮಾಡ್ತಿದ್ದಾರೆ. ಆಗ್ತದೆ. ಸ್ವಲ್ಪ ದಿನ ತಡ್ಕೊಳ್ಳಿ.”

ಅವರು ಅವನ ಮುಖ ನೋಡಿದರು. ನಮ್ಮ ಹುಡುಗ, ಅಂದುಕೊಂಡರು. ನೀರು ನಿಲ್ಲಲಿಲ್ಲ, ಸೌದೆ ನಿಲ್ಲಲಿಲ್ಲ.

ಅಂದು ರಾತ್ರಿ ಎಣ್ಣೆಯವನು ತೃಪ್ತಿಯಿಂದ ಮಲಗಿದ. ಮೇಲಿನವರಿಗೂ ಗೀರು ಬೀಳಲಿಲ್ಲ, ಕೆಳಗಿನವರಿಗೂ ಗೀರು ಬೀಳಲಿಲ್ಲ. ನಾನು ನಡುವೆ ಇಲ್ಲದಿದ್ದರೆ ಏನಾಗುತ್ತಿತ್ತೋ ಎಂದುಕೊಂಡ. ಹಾಗೆ ಅಂದುಕೊಳ್ಳುವವನಿಗೆ ನಿದ್ದೆ ಚೆನ್ನಾಗಿ ಬರುತ್ತದೆ.

ಸುಗ್ಗಿ ಮುಗಿಯಿತು. ಒಂದು ದಿನ ಮೋಡ ಮುಚ್ಚಿ ಹೊತ್ತು ಯಾವುದು ಎಂದು ತಿಳಿಯುತ್ತಿರಲಿಲ್ಲ. ಗೋಡೆಯ ಮೇಲಿನ ಕಾವಲಿನವನು ಕೆರೆಯಾಚೆ ಧೂಳು ಕಂಡ. ಕುದುರೆ ದಂಡು. ನಾಯಕ ಕೂಡಲೇ ಬಾಗಿಲು ಮುಚ್ಚಿಸಿದ. ಕದ ಸುಮ್ಮನೆ ಬಂತು. ಅಗುಳಿ ಬಿತ್ತು. ಕೇರಿಯವರು ಇನ್ನೂ ಹೊಲದಲ್ಲಿ, ಕೆರೆಯಂಗಳದಲ್ಲಿ, ಬಯಲಲ್ಲಿ ಬಾಗಿ ಕೆಲಸ ಮಾಡುತ್ತಿದ್ದರು. ಒಬ್ಬರೂ ತಲೆ ಎತ್ತಲಿಲ್ಲ. ತಲೆ ಎತ್ತುವಂಥದ್ದು ಏನೂ ಕೇಳಿಸಿರಲಿಲ್ಲ.

ಧೂಳು ಅವರಿಗೂ ಕಂಡಾಗ ಎಲ್ಲರೂ ಕೋಟೆಯ ಕಡೆ ಓಡಿದರು. ಬಾಗಿಲು ಮುಚ್ಚಿತ್ತು. ಕೈಯಿಂದ ಗುದ್ದಿದರು, ಕಲ್ಲಿನಿಂದ ಗುದ್ದಿದರು. ಧೂಳು ಇನ್ನೂ ಕೆರೆ ಏರಿಯಾಚೆಯೇ ಇತ್ತು. ಬಾಗಿಲು ತೆರೆದು ಎಲ್ಲರನ್ನೂ ಒಳಗೆ ತೆಗೆದುಕೊಂಡು ಮತ್ತೆ ಮುಚ್ಚಲು ಅಷ್ಟು ಹೊತ್ತು ಸಾಕಿತ್ತು. ತೆರೆಯುವುದಿಲ್ಲ ಎಂದು ಹೇಳಿದ್ದರೂ ಬದುಕುತ್ತಿದ್ದರು. ಬಲಕ್ಕೆ ಗುಡ್ಡವಿತ್ತು, ಗುಡ್ಡದಲ್ಲಿ ಕುದುರೆ ಹತ್ತಲಾರದ ಗವಿಗಳಿದ್ದವು. ಕೆಲವರು ಆಗಲೇ ಗುಡ್ಡದ ಕಡೆ ಕೈ ತೋರಿಸುತ್ತಿದ್ದರು.

ಎಣ್ಣೆಯವನು ನಾಯಕನ ಕಾಲ ಬಳಿ ಕುಸಿದ. “ಬುದ್ಧಿ, ತೆರೆಸಿ. ನನ್ನ ಅಕ್ಕ ಹೊರಗವಳೆ.”

“ನೋಡೋಣ,” ಎಂದ ನಾಯಕ. “ಆದರೆ ಹೀಗೆ ಗುದ್ದಿದರೆ ಕದ ಉಳಿಯುವುದಿಲ್ಲ. ನೀನು ಗೋಡೆ ಹತ್ತಿ ಹೇಳು. ಗಲಾಟೆ ಬೇಡ, ಬಾಗಿಲ ಮುಂದೆ ಸುಮ್ಮನೆ ಕೂರಲಿ, ತೆರೆಯುತ್ತೇವೆ ಅಂತ. ನೀನು ಹೇಳಿದರೆ ಕೇಳುತ್ತಾರೆ.”

ಯಾವಾಗ ತೆರೆಯುತ್ತೀರಿ ಎಂದು ಕೇಳಲು ಎಣ್ಣೆಯವನ ನಾಲಿಗೆ ಎದ್ದಿತು. ಹಿಂದೆ ಈಟಿ ಹಿಡಿದವರು ಇದ್ದರು, ಮುಂದೆ ನಾಯಕ ಇದ್ದ, ಮೆಟ್ಟಿಲ ಮೇಲೆ ಒಬ್ಬನೇ ನಿಲ್ಲುವಷ್ಟು ಜಾಗ. ಅವನು ಕೇಳಲಿಲ್ಲ. ಮೇಲೆ ಹೋದ.

ಗೋಡೆಯಿಂದ ಬಗ್ಗಿ ನೋಡಿದಾಗ ಎಲ್ಲ ಮುಖಗಳೂ ಅವನ ಕಡೆಗೇ ತಿರುಗಿದವು. ನಡುವೆ ಅಕ್ಕ. ಒಂದು ಮರಿಯನ್ನು ಕಂಕುಳಲ್ಲಿ ಅವುಚಿಕೊಂಡಿದ್ದಳು.

“ಗುದ್ದಬೇಡಿ,” ಎಂದ. “ಕೂತ್ಕೊಳ್ಳಿ. ತೆರೀತಾರೆ.”

ಜನ ಗುಡ್ಡ ನೋಡಿದರು, ಧೂಳು ನೋಡಿದರು. ಅಕ್ಕ ಮೇಲಕ್ಕೆ ಕೂಗಿ ಕೇಳಿದಳು:

“ಹೇಳ್ತಿರೋದು ನಾಯಕನಾ, ನೀನಾ?”

ನಾಯಕ ಹೇಳುತ್ತಿದ್ದಾನೆ ಎಂದಿದ್ದರೆ ಅವಳು ಗುಡ್ಡದ ಕಡೆ ಓಡುತ್ತಿದ್ದಳು. ಅವಳ ಹಿಂದೆ ಎಲ್ಲರೂ ಓಡುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಆದರೂ ಬಾಯಿಗೆ ನುಣ್ಣನೆಯ ಮಾತೇ ಅಭ್ಯಾಸವಾಗಿತ್ತು.

“ನಾನೇ ಹೇಳ್ತಿದ್ದೀನಿ ಅಕ್ಕಾ.”

“ಹಂಗಾದರೆ ಸರಿ,” ಎಂದು ಅವಳು ಕೂತಳು. ಅವಳು ಕೂತದ್ದನ್ನು ನೋಡಿ ಎಲ್ಲರೂ ಕೂತರು.

ಎಣ್ಣೆಯವನು ಕೆಳಗೆ ಓಡಿಬಂದು ಅಗುಳಿಗೆ ಕೈ ಹಾಕಿದ. ಕಾವಲಿನವರು ಅವನನ್ನು ಹಿಡಿದು ಅವನದೇ ಮನೆಯೊಳಗೆ ನೂಕಿ ಚಿಲಕ ಹಾಕಿದರು. ಬಾಗಿಲ ಪಕ್ಕದ ಮನೆ. ಅಲ್ಲಿಂದ ಎಲ್ಲ ಕೇಳಿಸುತ್ತಿತ್ತು. ಕಾವಲಿನ ಮುಖ್ಯಸ್ಥ ನಾಯಕನನ್ನು ಕೇಳಿದ್ದೂ ಕೇಳಿಸಿತು: “ತೆರೆಯೋದು ಬೇಡವೇ ಬುದ್ಧಿ?”

“ಬಾಗಿಲ ಮುಂದೆ ಜನ, ದನ ಸಿಕ್ಕರೆ ದಂಡು ಅಷ್ಟನ್ನೇ ಹೊಡಕೊಂಡು ಹೋಗುತ್ತದೆ. ಬಾಗಿಲು ಮುಟ್ಟುವುದಿಲ್ಲ,” ಎಂದ ನಾಯಕ. “ಗುಡ್ಡಕ್ಕೆ ಓಡಿದ್ದರೆ ನಮ್ಮ ಮೇಲೆ ಬೀಳುತ್ತಿತ್ತು.”

ಎಣ್ಣೆಯವನಿಗೆ ಆಗ ಅರ್ಥವಾಯಿತು. ಕೋಟೆಗೂ ಕುದುರೆಗೂ ನಡುವೆ ಒಂದು ಪೊರೆ ಬೇಕಾಗಿತ್ತು. ಅದನ್ನು ತಾನೇ ತನ್ನ ಕೈಯಾರೆ, ಎಲ್ಲೂ ಹರಿಯದ ಹಾಗೆ, ಸವರಿ ಬಂದಿದ್ದ.

ಮುಂದೆ ಕೇಳಿಸಿದ್ದನ್ನು ಹೇಳುವುದಿಲ್ಲ. ಕುದುರೆ ಗೊರಸಿನ ಸದ್ದು ಬಂತು, ಹೋಯಿತು. ನಡುವೆ ಜನರ ಸದ್ದು. ಅದರಲ್ಲಿ ಒಂದು ದನಿ ತಮ್ಮಾ ಎಂದು ಕರೆಯಿತು. ಬೈಯಲಿಲ್ಲ. ಬೈದಿದ್ದರೆ ಅವನು ಹೇಗೋ ಬದುಕಿಕೊಳ್ಳುತ್ತಿದ್ದ.

ಬೆಳಿಗ್ಗೆ ಚಿಲಕ ತೆಗೆದರು. ಕಾವಲಿನವರು ಬಾಗಿಲಿಗೆ ಹಗ್ಗ ಕಟ್ಟಿ ಎಳೆಯುತ್ತಿದ್ದರು. ರಾತ್ರಿಯಿಡೀ ಒತ್ತಿಸಿಕೊಂಡ ಎಣ್ಣೆ ಕಚ್ಚಿ ಹಿಡಿದಿತ್ತು. ಎಳೆದರು, ಬರಲಿಲ್ಲ. ಎಳೆದರು, ಬರಲಿಲ್ಲ. ಎಣ್ಣೆಯವನು ಕುಳಿಯ ಪಕ್ಕ ನಿಂತು ನೋಡಿದ. ಗಡಿಗೆಯಿಂದ ಬರುವಾಗ ಇದೂ ಎಣ್ಣೆಯೇ ಆಗಿತ್ತು. ಯಾರ ಕಡೆಯೂ ಅಲ್ಲ, ನಡುವಿನದು ಎನ್ನುವಂತೆಯೇ ಬಂದಿತ್ತು. ಇಕ್ಕಟ್ಟು ಬಂದಾಗ ಯಾವ ಕಲ್ಲು ಒತ್ತುತ್ತಿತ್ತೋ ಆ ಕಲ್ಲಿನ ಸಾಲಿನಲ್ಲೇ ಸಾಲಾಗಿ ನಿಂತು ಕಲ್ಲಾಗಿತ್ತು. ಈಗ ಬಾಗಿಲನ್ನು ಹಿಡಿದಿದ್ದದ್ದು ಅಗುಳಿಯಲ್ಲ, ಅದು.

ಕದ ಒಮ್ಮೆಗೇ ಬಿಟ್ಟುಕೊಟ್ಟಿತು, ಸದ್ದಿಲ್ಲದೆ ಪೂರ್ತಿ ತೆರೆಯಿತು. ಹೊರಗೆ ಯಾರೂ ಇರಲಿಲ್ಲ. ತುಳಿದ ಮರಳಿತ್ತು. ಬುಟ್ಟಿಗಳಿದ್ದವು. ಒಂದು ಆಡಿನ ಮರಿ ಬುಟ್ಟಿಯ ಕೆಳಗಿನಿಂದ ಎದ್ದು ಬಂದು ಅವನ ಕಾಲು ಮೂಸಿತು.

ಅವನು ಅಳಲಿಲ್ಲ. ಅಕ್ಕ ಕೂತಿದ್ದ ಜಾಗದಲ್ಲಿ ಮೊಣಕಾಲೂರಿ ಎರಡು ಕೈ ತುಂಬ ಮರಳು ಬಾಚಿದ. ತಂದು ಕುಳಿಗೆ ಸುರಿದ. ಮತ್ತೆ ಹೋದ, ಬಾಚಿದ, ಸುರಿದ, ಕೋಲಿನಿಂದ ಗೊರಸಿನ ಅಡಿಗೆ ತುರುಕಿದ. ಕಾವಲಿನವರು ನೋಡುತ್ತ ನಿಂತರು. ಅವರಲ್ಲಿ ಒಬ್ಬ ತಡೆಯಲು ಹೋಗಿ, ಅವನ ಮುಖ ನೋಡಿ ಹಿಂದೆ ಸರಿದ. ಇನ್ನೊಬ್ಬ ಸನ್ನೆಗೋಲು ತಂದು ಕದವನ್ನು ಒಂದಿಷ್ಟು ಎತ್ತಿಕೊಟ್ಟ.

ಸಂಜೆ ಬಾಗಿಲು ಅರಚಿತು. ಹಿಂದೆಂದೂ ಅರಚದ ಹಾಗೆ ಅರಚಿತು. ಮೇಲೆ ವೀಣೆಯ ತಂತಿ ನಿಂತಿತು. ನಾಯಕ ಹಜಾರದಿಂದ ಬಗ್ಗಿ, “ಯಾರದು?” ಎಂದ.

“ನಾನು,” ಎಂದ ಎಣ್ಣೆಯವನು. ಈ ಸಲ ಅದು ನಿಜವಾಗಿತ್ತು. “ಇನ್ನೂ ಮರಳೈತೆ.”

ಅವನನ್ನು ಹೊಡೆದು ಹೊರಗೆ ಹಾಕಿದರು. ಕುಳಿ ಉಜ್ಜಲು ಬೇರೆಯವರನ್ನು ಇಟ್ಟರು. ಕಲ್ಲು ಒಳಗೇ ಹಾಳಾಗಿತ್ತು, ನುಣುಪು ಮತ್ತೆ ಬರಲಿಲ್ಲ. ಅಂದು ಸಂಜೆ ಆ ಅರಚಾಟ ಗುಡ್ಡದಾಚೆಗೂ ಹೋಯಿತು. ದೂರದ ಬಯಲಲ್ಲಿ ಕುರಿ ಬಿಟ್ಟುಕೊಂಡು ಉಳಿದಿದ್ದ ನಾಲ್ಕಾರು ಜನ ಅದನ್ನು ಕೇಳಿ ಎದ್ದು ಓಡಿಬಂದು, ಅರಚಿ ಮುಗಿಯುವುದರೊಳಗೆ ಒಳಗೆ ಸೇರಿದರು. ಎಣ್ಣೆಯವನು ಹೊರಗೆ ಕೂತು ಒಬ್ಬೊಬ್ಬರ ಮುಖವನ್ನೂ ನೋಡಿದ. ಅವರಲ್ಲಿ ಅಕ್ಕ ಇರಲಿಲ್ಲ.

ಅಜ್ಜಯ್ಯ ಕಂಬಳಿಯಿಂದ ಸೂಜಿ ಕಿತ್ತು ದಾರ ಪೋಣಿಸತೊಡಗಿದ. ಭರಮಣ್ಣ ಯಾವಾಗ ಕೂತಿದ್ದನೋ ಅವನಿಗೇ ತಿಳಿದಿರಲಿಲ್ಲ. ಈಗ ಎದ್ದ.

“ಅಜ್ಜಯ್ಯಾ, ತಪ್ಪು ನಾಯಕನದು. ಬಾಗಿಲು ಮುಚ್ಚಿಸಿದವನು ಅವನು. ಕುದುರೆಗೆ ಜನರನ್ನು ಬಿಟ್ಟವನು ಅವನು. ಎಣ್ಣೆಯವನು ಮಾತು ಮುಟ್ಟಿಸಿದ, ಅಷ್ಟೇ.”

“ಹೂಂ,” ಎಂದ ಅಜ್ಜಯ್ಯ.

“ಅವನಿಗೆ ಗೊತ್ತಿರಲಿಲ್ಲ.”

“ಕೇಳಿರಲಿಲ್ಲ.”

ಭರಮಣ್ಣನ ಜೇಬಿನಲ್ಲಿ ಫೋನು ಮತ್ತೆ ನಡುಗಿತು. ಅವನು ತೆಗೆದು ನೋಡಿದ. ಸಾಹುಕಾರ. ಬೆರಳು ಗುಂಡಿಯ ಮೇಲೆ ನಿಂತಿತು. ಒತ್ತಲೂ ಇಲ್ಲ, ಬಿಡಲೂ ಇಲ್ಲ. ಫೋನು ನಡುಗಿ ನಡುಗಿ ನಿಂತಿತು.

“ಹಾಗಾದರೆ ನಾನು ಬೆಳಿಗ್ಗೆ ಹೋಗಲೇಬಾರದಾ ಅಜ್ಜಯ್ಯಾ?”

ಅಜ್ಜಯ್ಯ ತಲೆ ಎತ್ತದೆ ಹರಕಿಗೆ ಮೊದಲ ಹೊಲಿಗೆ ಹಾಕಿದ.

“ಹೋಗು; ಆದರೆ ದಾರಿಯಲ್ಲಿ ಕೂತವರು ‘ಹೇಳ್ತಿರೋದು ಸಾಹುಕಾರನಾ, ನೀನಾ’ ಅಂತ ಕೇಳಿದರೆ ಏನು ಹೇಳ್ತೀಯ?”